ಕೈದಿ ನಟ್ಟು

ಇದನ್ನು ಬರೆಯಿರಿ ಅಂತ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರು ನಮಗೆ ಹೇಳಿ ಬಹಳ ವರ್ಷ ಆಯಿತು. ಬರೆಯಲಿಲ್ಲ. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಅಂತ ಅಲ್ಲ. ಬರೆಯಲು ಕುಂತರೆ ನಾವು ಬಾಯಿ ಮುಚ್ಚಿಕೊಂಡು ಇದ್ದುದನ್ನೂ ಬರೆಯಬೇಕಾಗಿತ್ತು. ಅದಕ್ಕೆ ದಿನ ತಳ್ಳಿದೆವು.

ನಾವು ಅಂದರೆ ಅಣ್ಣ ತಮ್ಮ ಇಬ್ಬರು. ಒಬ್ಬ ಹೇಳ್ತಾನೆ, ಇನ್ನೊಬ್ಬ ಬರೀತಾನೆ, ನಡುನಡುವೆ ಹಂಗಲ್ಲ ಹಿಂಗೆ ಅಂತ ಜಗಳ ಆಡ್ತೀವಿ. ಮೈಸೂರಿನಿಂದ ನಂಜನಗೂಡಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಹಳೇ ಕಾರುಗಳ ರಿಪೇರಿ ಮಾಡ್ತೀವಿ. ಅಪ್ಪ ಊರಿನಲ್ಲಿ ಮೆಟ್ಟು ಹೊಲಿಯುತ್ತಿದ್ದ. ಅವನ ಉಳಿಯೊಂದು ಇವತ್ತಿಗೂ ನಮ್ಮ ಟೂಲ್ ಪೆಟ್ಟಿಗೆಯಲ್ಲಿದೆ.

ಓದುವವರಲ್ಲಿ ಮೇಷ್ಟ್ರುಗಳು ಇದ್ದೀರಿ, ಹುಡುಗರು ಇದ್ದೀರಿ. ಅದಕ್ಕೆ ಮೊದಲು ಕೆಲಸದ ವಿಷಯ ಹೇಳಿಬಿಡ್ತೀವಿ. ನಟ್ಟು-ಬೋಲ್ಟು ಬಿಚ್ಚಬೇಕಾದರೆ ಎರಡು ಸ್ಪ್ಯಾನರ್ ಬೇಕು. ಒಂದು ಬೋಲ್ಟಿನ ತಲೆ ತಿರುಗಿಸುವುದಕ್ಕೆ, ಇನ್ನೊಂದು ನಟ್ಟು ತಿರುಗದ ಹಾಗೆ ಹಿಡಿಯುವುದಕ್ಕೆ. ಪಂಪ್‌ಸೆಟ್ಟಿನಲ್ಲಾಗಲಿ, ಗಾಡಿಯಲ್ಲಾಗಲಿ ಇದೇ. ಆದರೆ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೆ ಎರಡು ತೊಲೆ ಇರ್ತವೆ. ತಗಡನ್ನು ಮಡಿಸಿ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂಥ ತೊಲೆ, ಒಳಗೆ ಟೊಳ್ಳು. ಕೈ ಹೋಗುವುದಿಲ್ಲ, ಸ್ಪ್ಯಾನರ್ ಹೋಗುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ತೊಲೆ ಮುಚ್ಚುವ ಮೊದಲೇ ಒಳಮೈಗೆ ನಟ್ಟನ್ನು ವೆಲ್ಡ್ ಮಾಡಿ ಕೂರಿಸುತ್ತಾರೆ. ಇಲ್ಲವೇ ತೆಳು ತಗಡಿನಲ್ಲಿ ಒಂದು ಪಂಜರ ಮಾಡಿ ಅದರೊಳಗೆ ನಟ್ಟನ್ನು ಕೂಡಿಹಾಕುತ್ತಾರೆ. ಇಂಗ್ಲಿಷಿನಲ್ಲಿ ಅದರ ಹೆಸರು ಕ್ಯಾಪ್ಟಿವ್ ನಟ್. ನಮ್ಮ ಉಸ್ತಾದ್ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೆಲಸ ಕಲಿತು ಬಂದವರು, ಕೈದಿ ನಟ್ ಅನ್ನೋರು. ನಮ್ಮ ಬಾಯಿಗೂ ಅದೇ ಬಂತು.

ಬಿಗಿ ಅಂದರೆ ಏನು ಅಂತ ನಮಗೆ ಉಸ್ತಾದ್ ಹೇಳಿಕೊಟ್ಟದ್ದು ರಬ್ಬರ್ ಬ್ಯಾಂಡ್ ಎಳೆದು. ತಿರುಪು ಅಂದರೆ ಕಂಬಕ್ಕೆ ಸುತ್ತಿದ ಇಳಿಜಾರು, ಅಷ್ಟೇ. ಇಂಚಿಗೆ 24 ಗೆರೆ ಇರುವ ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ ಇಂಚಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಒಳಗೆ ಹೋಗ್ತದೆ. ತಲೆ ಬಂದು ತಗಡಿಗೆ ಕೂತ ಮೇಲೂ ತಿರುಗಿಸಿದರೆ? ಆವಾಗ ಬೋಲ್ಟೇ ಕಣ್ಣಿಗೆ ಕಾಣದಷ್ಟು ಉದ್ದ ಆಗ್ತದೆ. ಮತ್ತೆ ತನ್ನ ಉದ್ದಕ್ಕೆ ಬರಬೇಕು ಅಂತ ಅದು ಎಳೀತದಲ್ಲ, ಆ ಎಳೆತವೇ ಬಿಗಿ. ಎರಡು ಕಬ್ಬಿಣ ಒಂದರ ಮೇಲೊಂದು ಜಾರದೆ ಕೂರೋದು ಆ ಎಳೆತದಿಂದ, ಅದರಿಂದ ಹುಟ್ಟುವ ಘರ್ಷಣೆಯಿಂದ. ಒಳಗಿನ ನಟ್ಟಿನ ವೆಲ್ಡು ಬಿಟ್ಟುಹೋದರೆ ಬೋಲ್ಟು ತಿರುಗಿದ ಹಾಗೆಲ್ಲ ನಟ್ಟೂ ಜೊತೆಗೆ ತಿರುಗ್ತದೆ. ಬಿಗಿಯೋದೂ ಇಲ್ಲ, ಬಿಚ್ಚೋದೂ ಇಲ್ಲ. ಹೊರಗಡೆಯಿಂದ ನೋಡಿದವನಿಗೆ ಬೋಲ್ಟಿನ ತಲೆ ಅದರ ಜಾಗದಲ್ಲೇ ಇದೆ, ಎಲ್ಲ ಸರಿಯಾಗೇ ಇದೆ.

1984ರಲ್ಲಿ ನಾವು ಗ್ಯಾರೇಜಿಗೆ ಸೇರಿದಾಗ ದೊಡ್ಡವನಿಗೆ ಹದಿಮೂರು, ಚಿಕ್ಕವನಿಗೆ ಹನ್ನೊಂದು. ಸಂಬಳ ಇಲ್ಲ. ಮಧ್ಯಾಹ್ನ ಊಟ, ಶನಿವಾರ ಬಸ್ಸಿನ ಕಾಸು. 1986ರಲ್ಲಿ ಬಾಲಕಾರ್ಮಿಕರ ಕಾನೂನು ಬಂತು, ಆದರೆ ನಮ್ಮ ಗ್ಯಾರೇಜಿನ ತನಕ ಬರಲಿಲ್ಲ. ಕಾರಿನ ಕೆಳಗೆ ತೂರಬೇಕಾದರೆ ಸಣ್ಣ ಮೈ ಬೇಕು, ಅದು ನಮ್ಮಲ್ಲಿತ್ತು. ಮೇಲಿಂದ ಮಣ್ಣು ಕಣ್ಣಿಗೆ ಬೀಳುತ್ತಿತ್ತು, ಎಣ್ಣೆ ಕಿವಿಗೆ ಇಳಿಯುತ್ತಿತ್ತು. ಜಾಕಿನ ಪಕ್ಕ ಎರಡು ಕಲ್ಲು ಇಟ್ಟುಕೊಳ್ಳದೆ ಒಳಗೆ ಹೋದರೆ ಉಸ್ತಾದ್ ಕಾಲು ಹಿಡಿದು ಎಳೆದು ಹಾಕೋರು. ಆ ಒಂದು ಏಟಿಗೆ ನಾವು ಇವತ್ತೂ ಋಣಿ.

1987ರ ಮಳೆಗಾಲ. ನಮ್ಮ ಊರಿನ ಧಣಿಯ ಅಂಬಾಸಡರ್ ಬಂತು. ಓಡಿಸಿಕೊಂಡು ಬಂದವನು ನಮ್ಮ ಕೇರಿಯವನೇ, ವರಸೆಯಲ್ಲಿ ಮಾವ ಆಗಬೇಕು. ಕೇರಿಗೆ ಮೊದಲು ಡ್ರೈವಿಂಗ್ ಲೈಸೆನ್ಸ್ ತಂದವನು. ಖಾಕಿ ಶರಟು ಇಸ್ತ್ರಿ ಮಾಡಿ ಹಾಕುತ್ತಿದ್ದ. ಧಣಿಯ ಕಾರಿನ ಸ್ಟೇರಿಂಗನ್ನು ಅವನು ದಿನವೆಲ್ಲ ಹಿಡಿಯಬಹುದು, ಧಣಿಯ ಮನೆಯ ಕೊಳಗ ಮುಟ್ಟುವ ಹಾಗಿಲ್ಲ. ಕಾಫಿ ಕೊಟ್ಟರೆ ಬೇರೆ ಲೋಟ, ಅದು ಕೊಟ್ಟಿಗೆಯ ಗೂಡಿನಲ್ಲಿ. ಈ ಲೆಕ್ಕ ನಮಗೆ ಯಾವತ್ತೂ ಹತ್ತಿದ್ದಿಲ್ಲ.

'ಕ್ಲಚ್ ಬಿಡುವಾಗ ಕೆಳಗೆ ಏನೋ ಧಡ್ ಅಂತದೆ, ನೋಡ್ರಲಾ' ಅಂದ ಮಾವ. ತೂರಿ ನೋಡಿದೆವು. ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ ಒಂದಿದೆ, ಎರಡೂ ಕೊನೆ ತೊಲೆಗಳಿಗೆ ಬೋಲ್ಟಾಗಿರ್ತದೆ. ಎಡಗಡೆಯ ಎರಡು ಬೋಲ್ಟಿನಲ್ಲಿ ಒಂದು ಬಿದ್ದೇ ಹೋಗಿದೆ, ಇನ್ನೊಂದು ಸುಮ್ಮನೆ ಸುತ್ತುತ್ತಿದೆ. ಉಸ್ತಾದ್ ಆ ವಾರ ಊರಿಗೆ ಹೋಗಿದ್ದರು. ಗ್ಯಾರೇಜಿನ ಸಾಹುಕಾರ ಬಗ್ಗಿ ನೋಡಿ, 'ಸಂಜೆ ಮದುವೆಗೆ ಬೇಕಂತೆ ಕಾರು. ಏನಾದರೂ ತುರುಕಿ ಕೂರಿಸಿ ಕಳಿಸ್ರೋ' ಅಂದ. ನಾವು ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ಬೋಲ್ಟಿಗೆ ಸುತ್ತಿ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದೆವು. ಇನ್ನೊಂದಕ್ಕೂ ಹಾಗೇ. ಮೇಲೆ ಡಾಂಬರು ಬಳಿದೆವು. ನೋಡೋಕೆ ಕಾರ್ಖಾನೆಯಿಂದ ಬಂದ ಹಾಗಿತ್ತು. ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಲಿಲ್ಲ.

'ಆಯ್ತೇನ್ರಲಾ?' ಅಂದ ಮಾವ. 'ಆಯ್ತು ಮಾವ, ಇನ್ನ ಗಟ್ಟಿ' ಅಂದೆವು. ಇಬ್ಬರೂ ಅಂದೆವು. ಯಾರು ಮೊದಲು ಅಂದದ್ದು ಅಂತ ಇವತ್ತಿಗೂ ನಮ್ಮಲ್ಲಿ ತೀರ್ಮಾನ ಆಗಿಲ್ಲ.

ಆರು ವಾರ ಆದ ಮೇಲೆ, ಇಳಿಜಾರಿನಲ್ಲಿ, ಅಡ್ಡಪಟ್ಟಿಯ ಎಡಗಡೆ ಕಳಚಿ ಗೇರ್‌ಬಾಕ್ಸ್ ಒಂದು ಮಗ್ಗುಲಿಗೆ ಜೋತುಬಿತ್ತು. ಉದ್ದನೆಯ ಶಾಫ್ಟು ಮೇಲೆ ತಗಡಿಗೆ ಬಡಿಯಿತು. ಗೇರು ಹಿಡಿಯಲಿಲ್ಲ. ಕಾರು ಹೋಗಿ ಹುಣಸೆಮರಕ್ಕೆ ಗುದ್ದಿತು. ಮಾವನ ಮಂಡಿ ಚಿಪ್ಪು ಒಡೆಯಿತು. ಹಿಂದೆ ಕೂತಿದ್ದ ಧಣಿಯ ಮಗನಿಗೆ ಹಣೆ ಮೇಲೆ ಒಂದು ಗೀರು. ಧಣಿ ಊರ ಮುಂದೆ ಅಂದ: 'ನನ್ಮಗ ಕುಡಿದು ಓಡಿಸಿದ್ದಾನೆ.' ಮಾವ ಕುಡಿಯುತ್ತಿರಲಿಲ್ಲ. ಕೇರಿಗೆಲ್ಲ ಗೊತ್ತಿತ್ತು. ಆದರೆ ಕೇರಿಯ ಮಾತು ಊರ ಮುಂದೆ ಎಲ್ಲಿ ನಿಲ್ತದೆ? ಮೂರು ತಿಂಗಳ ಸಂಬಳ ಮುರಿದುಕೊಂಡರು. ಕೆಲಸ ಹೋಯಿತು. ಕುಡುಕ ಡ್ರೈವರ್ ಅಂತ ಹೆಸರು ಬಿದ್ದ ಮೇಲೆ ಸುತ್ತಮುತ್ತ ಯಾರೂ ಕಾರಿನ ಕೀಲಿ ಕೊಡಲಿಲ್ಲ.

ಕಾರನ್ನು ಹಗ್ಗ ಕಟ್ಟಿ ನಮ್ಮ ಗ್ಯಾರೇಜಿಗೇ ಎಳೆದು ತಂದರು. ಕೆಳಗೆ ತೂರಿದರೆ ಅಡ್ಡಪಟ್ಟಿಯ ಮೂಲೆಯಲ್ಲಿ ನಮ್ಮ ಡಾಲ್ಡಾ ತಗಡು ಮುದುರಿ ಕೂತಿತ್ತು. ಹಳದಿ ಬಣ್ಣ ಇನ್ನೂ ಕಾಣುತ್ತಿತ್ತು. ಸಾಹುಕಾರನೂ ನೋಡಿದ. ತೆಗೆದು ಗುಜರಿ ಡಬ್ಬಕ್ಕೆ ಎಸೆದು ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. ಆಗ ನಮಗೆ ಹದಿನಾರು, ಹದಿನಾಲ್ಕು. ಹೆದರಿಕೆ ಅಂತ ಹೇಳಬಹುದು. ಆಮೇಲೆ ಇಪ್ಪತ್ತಾಯಿತು, ಮೂವತ್ತಾಯಿತು, ಸ್ವಂತ ಶೆಡ್ಡು ಹಾಕಿದೆವು. ಆಗಲೂ ಹೇಳಲಿಲ್ಲ. ಅದಕ್ಕೆ ಏನು ಹೆಸರು?

ಮಾವ ಇಟ್ಟಿಗೆ ಗೂಡಿನಲ್ಲಿ ಕುಂಟುತ್ತ ಕೂಲಿ ಮಾಡಿದ. ಒಬ್ಬನೇ ಮಗನನ್ನು ಓದಿಸಿದ. ನಮ್ಮ ಶೆಡ್ಡಿಗೆ ಆಗಾಗ ಬರೋನು. ಯಾವುದಾದರೂ ಕಾರಿನ ಬಾಗಿಲು ತೆರೆದು ಸ್ಟೇರಿಂಗ್ ಹಿಂದೆ ಒಂದು ಗಳಿಗೆ ಕೂತು, ಟೀ ಕುಡಿದು ಹೋಗೋನು. 2003ರಲ್ಲಿ ತೀರಿಕೊಂಡ.

2009ರ ಕೊನೆಗೆ ನಮ್ಮ ಶೆಡ್ಡಿಗೆ ಒಂದು ಮೋರಿಸ್ ಮೈನರ್ ಬಂತು. ಮೈಸೂರಿನ ನಿವೃತ್ತ ಅಧಿಕಾರಿಯೊಬ್ಬರದು. ಅವರ ತಂದೆ ಕೊಂಡಿದ್ದಂತೆ. ಹಳೇ ಕಾರುಗಳ ಮೆರವಣಿಗೆಗೆ ಸಿದ್ಧ ಮಾಡಬೇಕು. ಆ ಕಾರಿಗೆ ಚಾಸಿ ಬೇರೆ, ಬಾಡಿ ಬೇರೆ ಅಂತ ಇಲ್ಲ. ನೆಲದ ತಗಡಿಗೇ ಕೆಳಗಡೆ ಪೆಟ್ಟಿಗೆ ತೊಲೆಗಳನ್ನು ವೆಲ್ಡ್ ಮಾಡಿರ್ತಾರೆ. ತೊಲೆ ಹೋದರೆ ಕಾರೇ ಹೋದಂಗೆ. ಕ್ಲಚ್ ಬಿಡುವಾಗ ಕೆಳಗೆ ಧಡ್ ಅಂತದೆ ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅದೇ ಅಡ್ಡಪಟ್ಟಿ, ಅದೇ ಎಡಗಡೆ. ಬೋಲ್ಟು ಸುತ್ತುತ್ತಿತ್ತು. ಆದರೆ ಈ ಸಲ ಕಾರಣ ಹುಡುಕಿದೆವು. ಆ ತೊಲೆಯೊಳಗೆ ಇರಬೇಕಾದದ್ದು 5/16 ಇಂಚಿನ ಯು.ಎನ್.ಎಫ್. ತಿರುಪು, ಇಂಚಿಗೆ 24 ಗೆರೆ. ದಪ್ಪ 7.94 ಮಿಲಿಮೀಟರ್. ಯಾರೋ ಹಿಂದೆ ಬಿಚ್ಚಿದವರು ಅಂಗಡಿಯಲ್ಲಿ ಸಿಕ್ಕುವ 8 ಮಿಲಿಮೀಟರಿನ ಮೆಟ್ರಿಕ್ ಬೋಲ್ಟು ಹಾಕಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಮೆಟ್ರಿಕ್ಕಿನಲ್ಲಿ ಗೆರೆಯಿಂದ ಗೆರೆಗೆ 1.25 ಮಿಲಿಮೀಟರ್, ಅದರಲ್ಲಿ 1.06. ಎರಡು ಸುತ್ತು ಹೋಗ್ತದೆ, ಆಮೇಲೆ ಕಚ್ಚಿಕೊಳ್ತದೆ. ಕಚ್ಚಿಕೊಂಡಿದ್ದನ್ನು ಬಿಗಿ ಅಂತ ತಿಳಿದು ಉದ್ದನೆಯ ಪೈಪ್ ಹಾಕಿ ಒತ್ತಿದ್ದಾರೆ. ಒಳಗೆ ಐವತ್ತು ವರ್ಷದ ತುಕ್ಕು. ನಟ್ಟಿನ ವೆಲ್ಡು ಕಿತ್ತುಬಂದಿದೆ.

ತಿರುಪಿಗೂ ಒಂದು ಚರಿತ್ರೆ ಉಂಟು. ಮೊದಲು ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಗೂ ಅದರದೇ ತಿರುಪು ಇತ್ತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಅನ್ನೋನು ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ 55 ಡಿಗ್ರಿ ಕೋನದ ತಿರುಪನ್ನು ಮುಂದಿಟ್ಟ. ಅಮೆರಿಕದವರು 60 ಡಿಗ್ರಿ ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಕೂರದೆ ಪರದಾಡಿದ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಂದು ತಿರುಪಿಗೆ ಒಪ್ಪಿದವು. ಅದರಲ್ಲಿ ಸಣ್ಣ ಗೆರೆಯದು ಈ ಯು.ಎನ್.ಎಫ್. ಮೆಟ್ರಿಕ್ಕಿನದು ಬೇರೆ ಕುಲ. ಮೋರಿಸ್ ಕಂಪನಿಯ ಹಳೇ ಇಂಜಿನ್ನುಗಳಲ್ಲಂತೂ ಇನ್ನೂ ಒಂದು ತಮಾಷೆ ಇದೆ. ಹಾಚ್ಕಿಸ್ ಅನ್ನುವ ಫ್ರಾನ್ಸಿನ ಬಂದೂಕು ಕಂಪನಿ ಮೊದಲ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆ ಹಾಕಿತ್ತು, ಅದನ್ನು 1923ರಲ್ಲಿ ಮೋರಿಸ್ ಕೊಂಡ. ಅಲ್ಲಿನ ಯಂತ್ರಗಳು ಮೆಟ್ರಿಕ್ ತಿರುಪಿನವು, ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಸ್ಪ್ಯಾನರ್ ವಿಟ್‌ವರ್ತಿನವು. ಹೀಗಾಗಿ ಬೋಲ್ಟಿನ ತಲೆ ವಿಟ್‌ವರ್ತ್, ಮೈ ಮೆಟ್ರಿಕ್. ತಲೆ ನೋಡಿ ಕುಲ ಹೇಳುವವರಿಗೆ ಆ ಬೋಲ್ಟು ಕೊಟ್ಟು ನೋಡಬೇಕು.

ಸುತ್ತುವ ಬೋಲ್ಟನ್ನು ತೆಗೆಯುವುದಕ್ಕೆ ಒಂದು ಉಪಾಯ ಇದೆ. ಮೂರು ದಿನ ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿ ಬಿಡುತ್ತ ಇರಬೇಕು. ಆಮೇಲೆ ಒಬ್ಬ ಬೋಲ್ಟಿನ ತಲೆಯ ಕೆಳಗೆ ಚಪ್ಪಟೆ ಪಟ್ಟಿ ತೂರಿಸಿ ಹೊರಗಡೆಗೆ ಮೀಟುತ್ತಾ ಇರಬೇಕು. ಆಗ ಒಳಗಿನ ನಟ್ಟು ತೊಲೆಯ ಒಳಮೈಗೆ ಒತ್ತಿಕೊಂಡು ನಿಲ್ತದೆ. ಇನ್ನೊಬ್ಬ ಮೆಲ್ಲಗೆ ಬಿಚ್ಚಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ. ಒಂದು ಬೋಲ್ಟು ಹಾಗೆ ಬಂತು. ಇನ್ನೊಂದು ಬರಲಿಲ್ಲ, ತಲೆ ಅರೆದು ತೆಗೆದೆವು. ನಟ್ಟು ಒಳಗೆ ಬಿದ್ದು ತೊಲೆಯಲ್ಲಿ ಗೆಜ್ಜೆ ಹಾಗೆ ಉರುಳಾಡಿತು.

ಈಗ ಹೊಸ ನಟ್ಟು ಒಳಗೆ ಕೂರಿಸಬೇಕು. ದಾರಿ ಒಂದೇ, ತೊಲೆಯ ಪಕ್ಕದಲ್ಲಿ ಕಿಟಕಿ ಕತ್ತರಿಸಬೇಕು.

ಅಧಿಕಾರಿಗಳು ಹೌಹಾರಿದರು. 'ಕತ್ತರಿ ಹಾಕೋ ಹಾಗಿಲ್ಲ. ಒರಿಜಿನಾಲಿಟಿ ಹೋಗ್ತದೆ.' ಆ ಕಾರಿಗೆ ಬಣ್ಣ ಎರಡು ಸಲ ಹೊಡೆಸಿದ್ದರು. ಸೀಟಿನ ರೆಕ್ಸಿನ್ ಬೆಂಗಳೂರಿನ ಜೆ.ಸಿ. ರಸ್ತೆಯದು. ಟೈರು ನಮ್ಮ ದೇಶದ್ದು. ತೊಲೆಗೆ ಮಾತ್ರ ಮಡಿ. 'ನಟ್ಟು ಕೂರಿಸದೇ ಹಾಗೇ ಅಂಟಿಸಿಬಿಡಿ, ಅರಾಲ್ಡೈಟೋ ಏನೋ ಬರುತ್ತಲ್ಲ. ನಾನೇನು ದಿನಾ ಓಡಿಸ್ತೀನಾ? ಡ್ರೈವರ್ ನಿಧಾನಕ್ಕೆ ಓಡಿಸ್ತಾನೆ' ಅಂದರು. ರಿವೆಟಿನ ಹಾಗೆ ಹೊರಗಡೆಯಿಂದಲೇ ಕೂರಿಸುವ ನಟ್ಟು ಕೂಡ ಸಿಗ್ತದೆ ಅಂತ ಯಾರೋ ಅವರಿಗೆ ಹೇಳಿದ್ದರು. ಸಿಗ್ತದೆ, ನಿಜ. ನಂಬರ್ ಪ್ಲೇಟಿಗೆ ಬಹಳ ಚೆನ್ನ. ಗೇರ್‌ಬಾಕ್ಸ್ ಹೊರುವ ಜಾಗದಲ್ಲಿ, ತುಕ್ಕು ತಿಂದ ತಗಡಿನ ಮೇಲೆ, ಅದೂ ಒಂದು ದಿನ ಸುತ್ತೋಕೆ ಶುರುಮಾಡ್ತದೆ.

ಕಾರಿನ ಪಕ್ಕ ಅವರ ಡ್ರೈವರ್ ನಿಂತಿದ್ದ. ಇಪ್ಪತ್ತೈದರ ಹುಡುಗ, ಮೊಬೈಲ್ ನೋಡುತ್ತಿದ್ದ. ಖಾಕಿ ಶರಟು ಏನೂ ಹಾಕಿರಲಿಲ್ಲ. ಅವನ ಮಾತು ಇದು ಅಂತ ಅವನಿಗೆ ಗೊತ್ತೂ ಆಗಲಿಲ್ಲ.

'ಕತ್ತರಿಸಿ ಮಾಡೋದಾದರೆ ಮಾಡ್ತೀವಿ ಸಾರ್. ಇಲ್ಲ ಅಂದ್ರೆ ಕಾರು ತಗೊಂಡೋಗಿ' ಅಂದೆವು. ಕಾರಿಟ್ಟವರಿಗೆ ಹಾಗೆ ಅಂದದ್ದು ಜೀವಮಾನದಲ್ಲಿ ಅದೇ ಮೊದಲು. ದೊಡ್ಡ ಧೈರ್ಯ ಏನಲ್ಲ. ಆ ತಿಂಗಳು ಕೈಯಲ್ಲಿ ಬೇರೆ ಎರಡು ಕಾರಿನ ಕೆಲಸ ಇತ್ತು. ಇಲ್ಲದಿದ್ದರೆ ಏನನ್ನುತ್ತಿದ್ದೆವೋ.

ನಮ್ಮನ್ನು ಕಾಪಾಡಿದ್ದು ಅವರದೇ ಪುಸ್ತಕ. ಕಾರಿನ ಜೊತೆ ಮೋರಿಸ್ ಮೈನರಿನ ಚರಿತ್ರೆಯ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು, ಬಣ್ಣ ಗಿಣ್ಣ ನೋಡಿಕೊಳ್ಳಲಿ ಅಂತ. ನಮ್ಮಲ್ಲಿ ಡಿಪ್ಲೊಮಾ ಓದುತ್ತಾ ಕೆಲಸಕ್ಕೆ ಬರುವ ಹುಡುಗ ಒಬ್ಬನಿದ್ದ. ಅವನು ಮಧ್ಯಾಹ್ನ ಬುತ್ತಿ ತಿನ್ನುವಾಗ ಅದನ್ನು ಓದಿ ನಮಗೆ ಹೇಳುತ್ತಿದ್ದ. ಆ ಕಾರು ಮಾಡಿದವನು ಅಲೆಕ್ ಇಸಿಗೊನಿಸ್. 1906ರಲ್ಲಿ ಸ್ಮಿರ್ನಾದಲ್ಲಿ, ಅಂದರೆ ಇವತ್ತಿನ ತುರ್ಕಿಯ ಇಜ್ಮಿರಿನಲ್ಲಿ ಹುಟ್ಟಿದವನು. 1922ರ ಯುದ್ಧದಲ್ಲಿ ಮನೆ ಬಿಟ್ಟು ಓಡಿಬಂದ ಕುಟುಂಬ. 1948ರಲ್ಲಿ ಕಾರನ್ನು ಲಂಡನ್ನಿನ ಪ್ರದರ್ಶನಕ್ಕೆ ಇಡುವ ಮೊದಲು, ಮಾದರಿ ಕಾರು ನೋಡಿ ಅವನಿಗೆ ಸಮಾಧಾನ ಆಗಲಿಲ್ಲ. ಅಗಲ ಸಾಲದು ಅನ್ನಿಸಿತು. ಏನು ಮಾಡಿದ? ಕಾರನ್ನೇ ಉದ್ದಕ್ಕೆ ಎರಡು ಸೀಳು ಮಾಡಿಸಿದ. ಎರಡು ಹೋಳನ್ನೂ ದೂರ ದೂರ ಸರಿಸಿ ಸರಿಸಿ ನೋಡಿ, 4 ಇಂಚು ಅಗಲ ಮಾಡಿದ. ಬಾನೆಟ್ಟಿನ ನಡುವೆ ಉಬ್ಬಿದ ಒಂದು ಪಟ್ಟಿ ಇದೆಯಲ್ಲ, ಅದು ಆ ಸೇರಿಸಿದ ಅಗಲದ ಗುರುತು. ಆಗಲೇ ತಯಾರಾಗಿದ್ದ ಬಂಪರುಗಳನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಆಮೇಲೆ ಅಂಥ ಕಾರು 16 ಲಕ್ಷ ಮಾಡಿದರು.

ಹುಡುಗ ಆ ಪುಟ ತೆಗೆದು ಅಧಿಕಾರಿಗಳ ಮುಂದೆ ಹಿಡಿದ. ಅವರು ಕನ್ನಡಕ ಹಾಕಿಕೊಂಡು ಓದಿದರು. ಹೋಗಿ ಬಾನೆಟ್ಟಿನ ಆ ಪಟ್ಟಿಯ ಮೇಲೆ ಕೈ ಆಡಿಸಿದರು. ಮೂವತ್ತು ವರ್ಷದಿಂದ ಒರೆಸಿದ ಪಟ್ಟಿ. ಕೆಟ್ಟ ಮನುಷ್ಯರೇನಲ್ಲ. 'ಕಾಣದ ಹಾಗೆ ಮಾಡಿ' ಅಂದು ಹೋದರು.

ಮಾಡುವ ಕ್ರಮ ಹೇಳ್ತೀವಿ, ಐ.ಟಿ.ಐ. ಹುಡುಗರಿಗೆ ಬೇಕಾಗಬಹುದು. ಮೊದಲು ಬ್ಯಾಟರಿ ಕಳಚಬೇಕು. ಪೆಟ್ರೋಲ್ ಟ್ಯಾಂಕು ಇಳಿಸಿ ಪೈಪನ್ನು ದೂರ ಮಾಡಬೇಕು. ಮರಳು ತುಂಬಿದ ಬಕೆಟ್ಟು ಕೈಗೆಟುಕಬೇಕು. ಗೇರ್‌ಬಾಕ್ಸಿನ ಕೆಳಗೆ ಮರದ ದಿಮ್ಮಿ ಕೊಟ್ಟು ಭಾರ ತೆಗೆದುಕೊಳ್ಳಬೇಕು. ಕಿಟಕಿಯನ್ನು ತೊಲೆಯ ಅಂಚಿಗೆ ತಾಗಿಸಬಾರದು, ಪಕ್ಕದ ಗೋಡೆಯ ನಡುವಿಗೆ ಬರಬೇಕು. ನಾಲ್ಕು ಮೂಲೆಗೂ ಮೊದಲು ಡ್ರಿಲ್ಲಿನಲ್ಲಿ ತೂತು ಹಾಕಿಕೊಂಡು ಆಮೇಲೆ ಕತ್ತರಿಸಬೇಕು. ಚೂಪು ಮೂಲೆ ಇದ್ದರೆ ಬಿರುಕು ಅಲ್ಲಿಂದಲೇ ಹೊರಡ್ತದೆ, ದುಂಡಗಿದ್ದರೆ ಹೊರಡೋಲ್ಲ. ಕತ್ತರಿಸಿದ ತುಂಡನ್ನು ಬಿಸಾಡಬೇಡಿ, ಅದೇ ಬಾಗಿಲು.

ತೆರೆದು ಟಾರ್ಚು ಬಿಟ್ಟರೆ ಒಳಗೆ ಒಂದು ಹಿಡಿ ಕೆಂಪು ತುಕ್ಕು, ಹಳೇ ಎರಡು ನಟ್ಟು, ಒಂದು ಜೇಡರ ಗೂಡು. ಬೆಳ್ಳಗೆ ಕಬ್ಬಿಣ ಕಾಣೋವರೆಗೂ ಉಜ್ಜಿದೆವು. ಹೊಸ ನಟ್ಟುಗಳನ್ನು ಸೀದಾ ತೆಳು ತಗಡಿಗೆ ವೆಲ್ಡ್ ಮಾಡಬಾರದು. 3 ಮಿಲಿಮೀಟರಿನ ಪಟ್ಟಿಯೊಂದಕ್ಕೆ ಎರಡು ತೂತು ಹಾಕಿ, ಎರಡು ನಟ್ಟನ್ನೂ ಅದಕ್ಕೆ ವೆಲ್ಡ್ ಮಾಡಿ, ಪಟ್ಟಿಯನ್ನು ತೊಲೆಯ ಒಳಗೆ ಕೂರಿಸಬೇಕು. ಆಗ ಭಾರ ಹರಡಿಕೊಳ್ತದೆ, ಒಂದು ನಟ್ಟು ಇನ್ನೊಂದನ್ನು ತಿರುಗೋಕೆ ಬಿಡೋಲ್ಲ. ವೆಲ್ಡ್ ಮಾಡುವಾಗ ನಟ್ಟಿನಲ್ಲಿ ಹಳೇ ಬೋಲ್ಟು ತಿರುಗಿಸಿಟ್ಟಿರಬೇಕು, ಇಲ್ಲದಿದ್ದರೆ ಕಿಡಿ ಹಾರಿ ಗೆರೆ ಕೆಡ್ತದೆ. ಒಂದೇ ಸಲ ಸುತ್ತಲೂ ಹಾಕಬಾರದು. ಒಂದು ಬಿಂದು ಇಲ್ಲಿ, ಒಂದು ಬಿಂದು ಎದುರಿಗೆ, ತಣಿಯಲು ಬಿಟ್ಟು ಮತ್ತೊಂದು.

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ನಟ್ಟಿಗೆ ಮೇಲೆ ಸತುವಿನ ಲೇಪ ಇರ್ತದೆ, ಹೊಳೀತಿರ್ತದೆ. ಅದನ್ನು ಅರೆದು ತೆಗೆಯದೆ ವೆಲ್ಡ್ ಮಾಡಬೇಡಿ. ಆ ಬಿಳೀ ಹೊಗೆ ಕುಡಿದರೆ ಬಾಯಿ ಸಿಹಿ ಸಿಹಿ ಆಗ್ತದೆ, ರಾತ್ರಿಗೆ ಚಳಿ ಜ್ವರ ಬರ್ತದೆ, ಮಾರನೇ ದಿನ ಬಿಡ್ತದೆ. ಹುಡುಗರಾಗಿದ್ದಾಗ ಎಷ್ಟೋ ರಾತ್ರಿ ನಡುಗಿಕೊಂಡು ಮಲಗಿದ್ದೇವೆ, ಮಲೇರಿಯಾ ಅಂದುಕೊಂಡು. ಸಾಹುಕಾರ ಹಾಲು ಕುಡೀರೋ ಅನ್ನೋನು. ಹಾಲಿನಿಂದ ಅದು ಹೋಗೋಲ್ಲ, ಹಾಲನ್ನೂ ಅವನು ಕೊಡುತ್ತಿರಲಿಲ್ಲ.

ಪಟ್ಟಿಯನ್ನು ತೊಲೆಯ ಒಳಗೆ ಇಟ್ಟಾಗ ತೂತಿಗೆ ತೂತು ಸೇರಬೇಕು. ಅಲ್ಲಿಗೆ ಅಪ್ಪನ ಉಳಿ ಬಂತು. ಚೂಪು ತುದಿಯಿಂದ ಬುಡದ ಕಡೆಗೆ ಮೆಲ್ಲಗೆ ದಪ್ಪ ಆಗುವ ಉಕ್ಕು ಅದು. ಕೆಳಗಿನ ತೂತಿನಿಂದ ಮೇಲಿನ ತೂತಿಗೆ ತೂರಿಸಿ ಒತ್ತಿದರೆ ಎರಡು ತೂತೂ ತಾವಾಗಿ ನೇರ ಆಗ್ತವೆ, ಚರ್ಮವಾದರೇನು ಕಬ್ಬಿಣವಾದರೇನು. ಅಡ್ಡಪಟ್ಟಿಯನ್ನೂ ಅದರ ಜಾಗದಲ್ಲಿಟ್ಟು, ಎಲ್ಲ ಬೋಲ್ಟುಗಳನ್ನೂ ಬೆರಳಿನಲ್ಲೇ ತಿರುಗಿಸಿದೆವು. ಬೆರಳಿನಲ್ಲಿ ಹೋಗದ ಬೋಲ್ಟು ಸ್ಪ್ಯಾನರಿನಲ್ಲೂ ಹೋಗಬಾರದು. ಎಲ್ಲ ಕೂತಿದೆ ಅಂತ ಆದ ಮೇಲೆ ಪಟ್ಟಿಯನ್ನು ತೊಲೆಗೆ ವೆಲ್ಡ್ ಮಾಡಿದೆವು. ಕಿಟಕಿಯ ಬಾಗಿಲು ಮುಚ್ಚಿ ಸುತ್ತ ವೆಲ್ಡ್ ಮಾಡಿ ಅರೆದು ರೆಡ್ ಆಕ್ಸೈಡ್ ಬಳಿದೆವು. ಸಣ್ಣ ತೂತೊಂದರಿಂದ ಒಳಗೆ ಮೇಣ ಬಿಟ್ಟೆವು. ಕೊನೆಗೆ ಬೋಲ್ಟು ಬಿಗಿದೆವು. ಬಿಗಿಯುವಾಗ ಕೈಗೆ ಒಂದು ಭಾವ ಬರ್ತದೆ. ಮೊದಲು ಸಡಿಲ, ಆಮೇಲೆ ನಿಧಾನಕ್ಕೆ ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. 1987ರಲ್ಲಿ ಸುತ್ತಿಗೆಯಲ್ಲಿ ಹೊಡೆದಾಗ ಅದು ಬಂದಿರಲಿಲ್ಲ. ಆಗಲೇ ಗೊತ್ತಿತ್ತು.

ಬಿಲ್ಲಿನಲ್ಲಿ ಹುಡುಗ ಬರೆದ: 'ಎಡ ತೊಲೆ ಕತ್ತರಿಸಿ 3 ಮಿ.ಮೀ. ಪಟ್ಟಿ, ಹೊಸ ನಟ್ಟು 2, ಮತ್ತೆ ಮುಚ್ಚಿದ್ದು.' ಅಧಿಕಾರಿಗಳು ನೋಡಿ, ಜನರಲ್ ಸರ್ವಿಸ್ ಅಂತ ಬರೆದರೆ ಸಾಕಾಗಿತ್ತಲ್ಲ ಅಂದರು. ಮುಂದೆ ಯಾರು ಬಿಚ್ತಾರೋ ಅವರಿಗೆ ಗೊತ್ತಿರಲಿ ಸಾರ್ ಅಂದೆವು. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಮೆರವಣಿಗೆಯಲ್ಲಿ ಕಾರು ಚೆನ್ನಾಗಿ ಓಡಿತಂತೆ. ನಾವು ಹೋಗಿರಲಿಲ್ಲ.

ಹಳೇ ನಟ್ಟು ಎರಡು ಮೇಜಿನ ಮೇಲೆ ಬಿದ್ದಿದ್ದವು. ಎರಡು ವಾರ ಅವನ್ನೇ ನೋಡಿದೆವು. ಒಂದು ಭಾನುವಾರ ಒಂದನ್ನು ಜೇಬಿಗೆ ಹಾಕಿಕೊಂಡು ಊರಿಗೆ ಹೋಗಿ ಕೇರಿಯಲ್ಲಿ ಮಾವನ ಮನೆ ಮುಂದೆ ನಿಂತೆವು. ಮಗ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಜಗಲಿ ಮೇಲೆ ಕೂತು ಹುಡುಗರ ಪರೀಕ್ಷೆ ಪೇಪರು ತಿದ್ದುತ್ತಿದ್ದರು. ಎಲ್ಲ ಹೇಳಿದೆವು. ಡಾಲ್ಡಾ ತಗಡಿನಿಂದ ಹಿಡಿದು ಸಾಹುಕಾರ ಅದನ್ನು ಎಸೆದ ತನಕ. ಅವರು ಕೆಂಪು ಪೆನ್ನಿನ ಕ್ಯಾಪು ಹಾಕಿ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸಲೀಸಾಗ್ತಿತ್ತು. ಬಹಳ ಹೊತ್ತಾದ ಮೇಲೆ, 'ಎಷ್ಟು ದೊಡ್ಡದು ಆ ಬೋಲ್ಟು?' ಅಂದರು. ಜೇಬಿನಿಂದ ನಟ್ಟು ತೆಗೆದು ಕೊಟ್ಟೆವು. ಅದರಲ್ಲಿ ಕಿರುಬೆರಳು ತೂರಿಸಿ ನೋಡಿದರು. ತುದಿ ಮಾತ್ರ ಹೋಯಿತು.

'ಇದನ್ನ ಬರೀರಿ. ನಮ್ಮ ಹುಡುಗರಿಗೆ ಓದಿ ಹೇಳ್ತೀನಿ' ಅಂದರು.

ಒಳಗಿನಿಂದ ಅತ್ತೆ ಬಂದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರು ಅಂತ ಕಾಣ್ತದೆ.

'ಅವತ್ತು ಅವರು ಕುಡಿದಿರಲಿಲ್ಲ ಅಲ್ವಾ?'

'ಇಲ್ಲ ಅತ್ತೆ.'

'ನಂಗೊತ್ತಿತ್ತು' ಅಂದರು. ಟೀ ಕಾಯಿಸೋಕೆ ಒಳಗೆ ಹೋದರು.